ಗಂಗಕ್ಕನ ಜ್ವರ, ಅಮ್ಮನ ರಕ್ತಪರೀಕ್ಷೆ

ಆಸ್ಲೋ, ನಾರ್ವೆ
ಫೆಬ್ರವರಿ 18

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇತ್ತ ಕ್ಷೇಮ.

ರಾಘು ಫೋಟೋ ತೆಗೆದು ಕಳಿಸಿದ ನಿಮ್ಮ ಪತ್ರವನ್ನು ಮೊನ್ನೆ ರಾತ್ರಿ ಓದಿದೆ. ಅಡಿಕೆ ಕೊಯ್ಲು ಮುಗಿದದ್ದು, ಸಾಗರದ ಅತ್ತೆ ಬಂದು ಹೋದದ್ದು ಎಲ್ಲವನ್ನೂ ವಿವರವಾಗಿ ಬರೆದು, ಕೊನೆಯ ಎರಡು ಸಾಲಿನಲ್ಲಿ ನಮ್ಮಲ್ಲಿ ಕೆಲಸಕ್ಕೆ ಬರುವ ಗಂಗಕ್ಕ ಮಂಗನ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದಾಳೆಂದೂ ಅಮ್ಮನಿಗೆ ನಾಲ್ಕು ದಿನದಿಂದ ‘ಸ್ವಲ್ಪ ಮೈ ಬಿಸಿ’ ಎಂದೂ ತಿಳಿಸಿದ್ದೀರಿ. ಕೊಟ್ಟಿಗೆಗೆ ಹಾಸುವ ಒಣ ಎಲೆ, ದರಗು ತರಲು ಅಮ್ಮನೂ ಗಂಗಕ್ಕನ ಜೊತೆ ಸೊಪ್ಪಿನಬೆಟ್ಟಕ್ಕೆ ಹೋಗಿದ್ದಳೆಂಬ ಮಾತು ನಿಮ್ಮ ಪತ್ರದಲ್ಲಿ ಇಲ್ಲ. ಅದನ್ನು ರಾಘು ಹೇಳಿದ. ಫೋನು ಮಾಡಿದರೆ ಅಮ್ಮ ‘ಏನೂ ಇಲ್ಲ ಮಾರಾಯ್ತಿ’ ಎಂದು ಇಟ್ಟುಬಿಟ್ಟಳು. ಆದ್ದರಿಂದ ಬರೆದೇ ಹೇಳುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾಳೆ ಬೆಳಗ್ಗೆಯೇ ಅಮ್ಮನನ್ನು ಕರೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿ. ಈ ಕಾಯಿಲೆಗೆಂದೇ ಮದ್ದಿಲ್ಲ, ಬೇಗ ಗೊತ್ತಾಗಿ ಸರಿಯಾದ ಆರೈಕೆ ಸಿಗುವುದೇ ಮುಖ್ಯ. ಮೈಕೈ ನೋವಿಗೆಂದು ಅಂಗಡಿಯ ಮಾತ್ರೆ ನುಂಗಿಸಬೇಡಿ, ರಕ್ತಸ್ರಾವದ ಭಯವಿರುತ್ತದೆ. ಜ್ವರ ತಾನಾಗಿ ಬಿಟ್ಟರೂ ಸುಮ್ಮನಾಗಬೇಡಿ. ಕೆಲವರಲ್ಲಿ ಒಂದೆರಡು ವಾರದ ನಂತರ ಮರಳಿ ಬಂದು ತಲೆಗೇರುತ್ತದೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆದ್ದರಿಂದ ಅಮ್ಮನ ಹತ್ತಿರ ಕೂರಲು, ಗಂಗಕ್ಕನನ್ನು ನೋಡಿ ಬರಲು ಯಾರೂ ಹೆದರಬೇಕಾಗಿಲ್ಲ.

ಗಂಗಕ್ಕನ ವಿಷಯಕ್ಕೆ ನೀವು ‘ಅವಳ ಹಣೆಬರಹ, ಏನು ಮಾಡಲಿಕ್ಕಾಗುತ್ತದೆ’ ಎಂದು ಬರೆದಿದ್ದೀರಿ. ನಾನು ಎರಡು ವರ್ಷದಿಂದ ಇಲ್ಲಿ ಓದುತ್ತಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ, ಅಪ್ಪಯ್ಯ. ರೀಗಾದಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಊರು ಬಿಟ್ಟು ಓಡಿ, ಮುಂದೆ ಅಮೆರಿಕದಲ್ಲಿ ರಾಜ್ಯಶಾಸ್ತ್ರ ಕಲಿಸಿದ ಜುಡಿತ್ ಶ್ಕ್ಲಾರ್ ಎಂಬವರು ದುರದೃಷ್ಟ ಯಾವುದು, ಅನ್ಯಾಯ ಯಾವುದು ಎಂಬ ಪ್ರಶ್ನೆಯನ್ನೇ ಹಿಡಿದು 1990ರಲ್ಲಿ ಬರೆದರು. ಆ ಗೆರೆಯನ್ನು ಎಳೆಯುವವರು ಸಾಮಾನ್ಯವಾಗಿ ಪೆಟ್ಟು ತಿಂದವರಲ್ಲ, ತಡೆಯಬಹುದಾಗಿದ್ದೂ ಸುಮ್ಮನಿದ್ದವರಿಗೆ ಅದನ್ನು ದುರದೃಷ್ಟವೆಂದು ಕರೆಯುವುದು ಅನುಕೂಲ, ಎಂಬುದು ಅವರ ವಾದದ ತಿರುಳು. ಇದೇ ಆಸ್ಲೋದಲ್ಲಿ 1959ರಲ್ಲಿ ಶಾಂತಿ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಯೋಹಾನ್ ಗಾಲ್ಟುಂಗ್, ಹತ್ತು ವರ್ಷದ ನಂತರ ಬರೆದ ಲೇಖನದಲ್ಲಿ ಕ್ಷಯರೋಗದ ಉದಾಹರಣೆ ಕೊಡುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಒಬ್ಬ ಕ್ಷಯದಿಂದ ಸತ್ತರೆ ಅದನ್ನು ಹಿಂಸೆ ಎನ್ನಲಾಗದು, ಏಕೆಂದರೆ ಆಗ ತಡೆಯುವ ದಾರಿಯೇ ಇರಲಿಲ್ಲ. ಔಷಧವೆಲ್ಲ ಇದ್ದೂ ಇಂದು ಸತ್ತರೆ ಅದು ಹಿಂಸೆಯೇ, ಕೈಯೆತ್ತಿ ಹೊಡೆದವರು ಯಾರೂ ಇಲ್ಲದಿದ್ದರೂ.

ಇದನ್ನು ನಮ್ಮೂರಿಗೆ ಹೊಂದಿಸಿ ನೋಡಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಜನ ಜ್ವರದಿಂದ ಮಲಗಿದಾಗ ಯಾರಿಗೂ ಏನೂ ತಿಳಿದಿರಲಿಲ್ಲ, ಅದನ್ನು ಹಣೆಬರಹವೆಂದರೆ ಒಪ್ಪುತ್ತೇನೆ. ಈಗ ಉಣುಗಿನಿಂದ ಬರುತ್ತದೆಂದು ಗೊತ್ತು, ಮಂಗ ಸತ್ತ ಜಾಗದಲ್ಲಿ ಸೋಂಕಿನ ಉಣುಗು ಉದುರಿರುತ್ತದೆಂದು ಗೊತ್ತು, ಮಳೆ ನಿಂತ ಮೇಲಿನ ಈ ತಿಂಗಳುಗಳಲ್ಲೇ ಕಾಟ ಹೆಚ್ಚೆಂದೂ ಗೊತ್ತು. ಸಂಕ್ರಾಂತಿಗೆ ಮುಂಚಿನ ಪತ್ರದಲ್ಲಿ, ಬೆಟ್ಟದ ಏರಿನ ಹತ್ತಿರ ಮಂಗವೊಂದು ಸತ್ತು ಬಿದ್ದಿತ್ತೆಂದು ನೀವೇ ಬರೆದಿದ್ದಿರಿ. ಅದನ್ನು ಓದಿದ ನಾನೂ ಸುಮ್ಮನಾದೆ. ಆ ಮೇಲೂ ನಮ್ಮ ಕೊಟ್ಟಿಗೆಗೆ ದರಗು ಬಂತು.

ಗಂಗಕ್ಕ ದರಗು ಗುಡಿಸುವುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಬರಿಗಾಲು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿರುತ್ತಾಳೆ, ಹೆಡಿಗೆಗೆ ತುಂಬಿದ ದರಗನ್ನು ಕಾಲಿನಿಂದ ತುಳಿದು ಒತ್ತುತ್ತಾಳೆ, ದಣಿವಾದರೆ ಆ ರಾಶಿಯ ಮೇಲೆಯೇ ಕುಳಿತು ಕವಳ ಹಾಕುತ್ತಾಳೆ. ಉಣುಗು ಕಚ್ಚಿದರೆ ಎಲೆಗೆ ಹಚ್ಚುವ ಸುಣ್ಣವನ್ನೇ ತೆಗೆದು ಅದರ ಮೇಲೆ ಒತ್ತಿ ಮತ್ತೆ ಏಳುತ್ತಾಳೆ. ನಮ್ಮ ಕೊಟ್ಟಿಗೆಯ ಗೋಡೆಗೆ ನೇತುಹಾಕಿದ ಗಂಬೂಟು ಇರುವುದು ಒಂದೇ ಜೊತೆ, ಅದು ರಾಘುವಿನ ಅಳತೆಯದು. ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆ ಕೊಟ್ಟುಹೋದ ಡೆಪಾ ಎಣ್ಣೆಯ ಬಾಟಲಿ ಜಗಲಿಯ ಗೂಡಿನಲ್ಲಿರುತ್ತದೆ. ನೀವು ಬೆಟ್ಟಕ್ಕೆ ಹೊರಟಾಗ ಹಚ್ಚಿಕೊಳ್ಳುತ್ತೀರಿ, ಹಿತ್ತಿಲ ಕಡೆಯಿಂದ ಬಂದು ಹಾಗೆಯೇ ಬೆಟ್ಟ ಹತ್ತುವ ಗಂಗಕ್ಕನ ಕೈಗೆ ಅದು ಎಂದೂ ಬಂದಿಲ್ಲ. ಯಾರೂ ಕೊಡಬಾರದೆಂದು ಇಟ್ಟುಕೊಂಡದ್ದಲ್ಲ. ಯಾರಿಗೂ ಕೆಟ್ಟ ಮನಸ್ಸಿಲ್ಲದೆಯೂ ಕೇಡು ಯಾವಾಗಲೂ ಒಂದೇ ಕಡೆಯ ಜನಕ್ಕೆ ತಟ್ಟುವುದು ಹೀಗೆಯೇ.

ಇಲ್ಲಿನ ಕಾಡಿನಲ್ಲೂ ಉಣುಗು ಇದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅದರಿಂದ ಬರುವ ಮಿದುಳು ಜ್ವರದ ವೈರಸ್ಸು ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಸಂಬಂಧಿ. ದಕ್ಷಿಣದ ಕರಾವಳಿಯ ಕಾಡುಗಳಲ್ಲಿ ಓಡಾಡುವವರು ಅದಕ್ಕೆ ಲಸಿಕೆ ಹಾಕಿಸಿಕೊಳ್ಳುತ್ತಾರೆ. ನಮ್ಮಲ್ಲಿ ದಶಕಗಳ ಕಾಲ ಕೊಟ್ಟ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ನಿಂತಿತು, ಹೊಸತರ ಕೆಲಸ ನಡೆಯುತ್ತಿದೆ. ಕಾಡಿಗೆ ವಿಹಾರಕ್ಕೆ ಹೋಗುವವರ ಕಾಯಿಲೆಗೂ ಹೊಟ್ಟೆಪಾಡಿಗೆ ಹೋಗುವವರ ಕಾಯಿಲೆಗೂ ಸಿಕ್ಕ ಗಮನದಲ್ಲಿ ಇಷ್ಟು ಅಂತರವೇಕೆ ಎಂದು ನಾನು ವಿಚಾರಗೋಷ್ಠಿಯಲ್ಲಿ ಕೇಳಿದಾಗ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನ್ನ ಜಿಲ್ಲೆಯ ಬಗ್ಗೆ ಅಷ್ಟು ತಿಳಿದು ಮಾತಾಡಿದ್ದಕ್ಕೆ ನನಗೆ ಹೆಮ್ಮೆಯೂ ಆಯಿತು. ಅಮ್ಮನಿಗೆ ಹೇಳಿ, ಇಲ್ಲಿ ಕೊರೆಯುವ ಚಳಿಯಲ್ಲೂ ಹಸುಗೂಸುಗಳನ್ನು ಬೆಚ್ಚಗೆ ಸುತ್ತಿ ತಳ್ಳುಗಾಡಿಯಲ್ಲಿ ಮನೆಯ ಹೊರಗೇ ಮಲಗಿಸುತ್ತಾರೆ, ಅವು ಗುಂಡಗೆ, ಕೆಂಪಗೆ ಚೆನ್ನಾಗಿಯೇ ಇರುತ್ತವೆ.

ಗಂಗಕ್ಕನ ಮನೆಗೆ ‘ಧರ್ಮಕ್ಕೆ’ 2 ಸಾವಿರ ಕೊಟ್ಟೆನೆಂದು ಬರೆದಿದ್ದೀರಿ. ಅದು ಧರ್ಮದ ಹಣವಲ್ಲ, ಅಪ್ಪಯ್ಯ. ಐರಿಸ್ ಮೇರಿಯನ್ ಯಂಗ್ ಎಂಬ ಇನ್ನೊಬ್ಬ ವಿದ್ವಾಂಸೆ ತಪ್ಪಿತಸ್ಥರಾಗುವುದು ಬೇರೆ, ಹೊಣೆಗಾರರಾಗುವುದು ಬೇರೆ ಎನ್ನುತ್ತಾರೆ. ಅನ್ಯಾಯವನ್ನು ಹುಟ್ಟಿಸುವ ವ್ಯವಸ್ಥೆ ನಮ್ಮ ದಿನನಿತ್ಯದ ನಡವಳಿಕೆಯಿಂದಲೇ ನಡೆಯುತ್ತಿದ್ದರೆ, ಅದನ್ನು ಬದಲಿಸುವ ಹೊಣೆಯಲ್ಲಿ ನಮಗೂ ಪಾಲಿದೆ ಎಂಬುದು ಅವರ ನಿಲುವು. ನಾನು ನಿಮ್ಮನ್ನು ತಪ್ಪಿತಸ್ಥರೆನ್ನುತ್ತಿಲ್ಲ. ನನ್ನ ಶಾಲೆಯ ಫೀಸು ಆ ತೋಟದಿಂದಲೇ ಬಂತು, ಆ ತೋಟದ ಗೊಬ್ಬರ ಅವಳು ಹೊತ್ತು ತಂದ ದರಗಿನಿಂದಲೇ ಆಯಿತು. ರಾಘುವಿನ ಖಾತೆಗೆ 40 ಸಾವಿರ ಹಾಕಿದ್ದೇನೆ. ಆಸ್ಪತ್ರೆಯ ಖರ್ಚಿಗೂ ಅವಳು ಎದ್ದು ಓಡಾಡುವವರೆಗಿನ ದಿನಗೂಲಿಗೂ ಅದನ್ನು ಕೊಡಿ, ಸಾಲವೆಂದು ಬರೆದಿಡಬೇಡಿ. ಮಳೆ ಹಿಡಿಯುವವರೆಗೆ ಯಾರನ್ನೂ ದರಗಿಗೆ ಕಳಿಸಬೇಡಿ. ಕೊಟ್ಟಿಗೆಗೆ ಭತ್ತದ ಹುಲ್ಲು ಹಾಸಿದರೆ ಖರ್ಚು ಹೆಚ್ಚಾದೀತು, ಆಗಲಿ.

ನನ್ನ ಬಗ್ಗೆ ಒಂದಿಷ್ಟೂ ಚಿಂತೆ ಬೇಡ. ಎರಡು ಹೊತ್ತು ಅನ್ನವನ್ನೇ ಉಣ್ಣುತ್ತಿದ್ದೇನೆ, ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಡಬ್ಬಿಯಿದೆ, ಶೀತ ಕೆಮ್ಮು ಯಾವುದೂ ಇಲ್ಲ, ಉಣ್ಣೆಯ ಅಂಗಿಗಳು ಬೇಕಾದಷ್ಟಿವೆ, ಕತ್ತಲಾಗುವ ಮೊದಲೇ ಮನೆ ಸೇರುತ್ತೇನೆ, ನಿದ್ದೆಯೂ ಚೆನ್ನಾಗಿ ಬರುತ್ತಿದೆ. ಹಣಕ್ಕೂ ತೊಂದರೆಯಿಲ್ಲ, ನಿಜವಾಗಿಯೂ ಇಲ್ಲ.

ತರಗತಿಗೆ ಹೊತ್ತಾಯಿತು, ನಿಲ್ಲಿಸುತ್ತೇನೆ. ಅಮ್ಮನ ರಕ್ತಪರೀಕ್ಷೆಯ ಚೀಟಿ ಕೈಗೆ ಬಂದ ಕೂಡಲೇ ಫೋಟೋ ಕಳಿಸಲು ರಾಘುವಿಗೆ ಹೇಳಿ, ರಾತ್ರಿಯಾಗಿದ್ದರೂ ಪರವಾಗಿಲ್ಲ.

ಇಂತಿ ನಿಮ್ಮ ಮಗಳು,
ಸುಮಾ