ಗೊತ್ತಿದ್ದರೂ ಬಾಯಿಬಿಟ್ಟು ಹೇಳು

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ತಲೆಯಲ್ಲೇ ಉಳಿದಿದೆ. "ಹೆಂಡತಿಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾ ದೊಡ್ಡಮ್ಮ? ನನ್ನ ಮನಸ್ಸು ಅವಳಿಗೆ ಗೊತ್ತಿಲ್ವಾ?" ಎಂದೆ. ಹೇಳಬೇಕು ಕಣೋ. ಗೊತ್ತಿದ್ದರೂ ಹೇಳಬೇಕು.

ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವಾಗ ಹುಡುಗರಿಗೆ ಒಂದು ಅಧ್ಯಯನದ ಬಗ್ಗೆ ಹೇಳುತ್ತಿದ್ದೆ. ಮೈಕೆಲ್ ರಾಸ್, ಫಿಯೋರ್ ಸಿಕೋಲಿ ಎಂಬಿಬ್ಬರು ಮಾಡಿದ್ದು, 1979ರಲ್ಲಿ ಪ್ರಕಟವಾದದ್ದು. ಮನೆಯ ಒಂದೊಂದು ಕೆಲಸದಲ್ಲೂ ನಿಮ್ಮ ಪಾಲೆಷ್ಟು ಎಂದು ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೇಳಿದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಲೆಕ್ಕ ಕೂಡಿಸಿದರೆ ನೂರಕ್ಕೆ ನೂರನ್ನೂ ಮೀರಿತು! ಯಾರೂ ಸುಳ್ಳು ಹೇಳಿರಲಿಲ್ಲ. ತಾನು ಮಾಡಿದ್ದು ಥಟ್ಟನೆ ನೆನಪಾಗುತ್ತದೆ, ಇನ್ನೊಬ್ಬರು ಮಾಡಿದ್ದು ಅಷ್ಟು ಸುಲಭಕ್ಕೆ ನೆನಪಾಗುವುದಿಲ್ಲ. ಗ್ಯಾಸ್ ಬುಕ್ ಮಾಡಿದ್ದು ನಿನಗೆ ನೆನಪಿರುತ್ತದೆ. ಆಫೀಸಿನಿಂದ ಬಂದು ದೋಸೆಗೆ ರುಬ್ಬಿಟ್ಟಿದ್ದು, ನಿನ್ನ ಅಮ್ಮನ ಬಿಪಿ ಮಾತ್ರೆ ಮುಗಿಯುವ ಮೊದಲೇ ತಂದಿಟ್ಟಿದ್ದು ಅವಳಿಗೆ ಮಾತ್ರ ನೆನಪಿರುತ್ತದೆ. ಹಾಗಾಗಿ ಮೊದಲು ಗಮನವಿಟ್ಟು ನೋಡು. ನೋಡದೆ ಸುಮ್ನೆ ಹೊಗಳಿದರೆ ಅದೂ ಅವಳಿಗೆ ತಿಳಿದುಬಿಡುತ್ತದೆ.

ಹೇಳುವುದರಲ್ಲೂ ಒಂದು ರೀತಿ ಇದೆ. "ಸಾರು ಚೆನ್ನಾಗಿದೆ" ಎಂದರೆ ಸಾರನ್ನು ಹೊಗಳಿದಂತಾಯಿತು. "ನನಗೆ ತುಂಬಾ ಅನುಕೂಲ ಆಯ್ತು" ಎಂದರೆ ನಿನ್ನ ವಿಷಯವೇ ಆಯಿತು. "ಅಷ್ಟು ಸುಸ್ತಾಗಿದ್ದರೂ ಅಮ್ಮನ ಮಾತ್ರೆ ಮರೆಯಲಿಲ್ಲ ನೀನು, ಎಷ್ಟು ಕಾಳಜಿ ನಿನಗೆ" ಅಂದು ನೋಡು. ಅದು ಅವಳಿಗೇ ಸಲ್ಲುವ ಮಾತು. ಅಮೆರಿಕದ ಸಾರಾ ಆಲ್ಗೊ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ತನಗಾದ ಲಾಭವನ್ನು ಹೇಳಿಕೊಂಡಾಗ ಅಲ್ಲ, ಮಾಡಿದವರ ಗುಣವನ್ನು ಎತ್ತಿ ಹೇಳಿದಾಗಲೇ ಸಂಗಾತಿಯ ಮನಸ್ಸು ಅರಳಿತ್ತು.

ಆದರೆ ಒಂದು ಮಾತು. ಹೊಗಳಿಕೆ ಕೆಲಸದ ಬದಲಿಗೆ ಅಲ್ಲ. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಗಂಡಸರು ಕೊಡುವುದು 88 ನಿಮಿಷ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಪಾತ್ರೆಯೆಲ್ಲ ಅವಳಿಗೇ ಬಿಟ್ಟು "ನೀನು ಎಷ್ಟು ಒಳ್ಳೆಯವಳು" ಎಂದು ಸೋಫಾದ ಮೇಲಿಂದ ಹೇಳಬೇಡ. ಪಾತ್ರೆ ತೊಳೆಯುತ್ತಾ ಹೇಳು.

ಅವಳು ನಿನ್ನನ್ನು ಮೆಚ್ಚಿಕೊಂಡಾಗ "ಅಯ್ಯೋ ಬಿಡು, ಅದೇನ್ ಮಹಾ" ಎಂದು ತಳ್ಳಿಹಾಕಲೂ ಬೇಡ. ನಮ್ಮ ಮನೆಯ ಗಂಡಸರಿಗೆಲ್ಲ ಈ ಅಭ್ಯಾಸ ಇದೆ. ಹಾಗೆ ತಳ್ಳಿಹಾಕುತ್ತಿದ್ದರೆ ಎದುರಿನವರಿಗೆ ಹೇಳುವ ಉತ್ಸಾಹವೇ ಹೋಗುತ್ತದೆ. ಒಂದು ಕ್ಷಣ ನಿಂತು ಕೇಳಿಸಿಕೋ, ಖುಷಿಯಾಯ್ತು ಅನ್ನು. ಸಾಕು.

ಗೌರಿ ಹಬ್ಬಕ್ಕೆ ಅವಳ ತವರಿಗೆ ಹೋಗುತ್ತೀರಲ್ಲ, ಅವಳ ಅಪ್ಪ ಅಮ್ಮನ ಎದುರಿಗೂ ಹೇಳು. ಮಗಳು ಹೇಗಿದ್ದಾಳೋ ಎಂಬ ಯೋಚನೆ ಅವರಿಗೆ ಇದ್ದೇ ಇರುತ್ತದೆ. ಬರುವಾಗ ಇಬ್ಬರೂ ಇಲ್ಲಿಗೂ ಬನ್ನಿ, ಎರಡು ದಿನ ಇದ್ದು ಹೋಗಿ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ