ದಂಡ ಕಟ್ಟಿದ್ದೇನೆ, ಇನ್ನಾದರೂ ದೀಪ ಹಾಕಿಸಿ

ನಮ್ಮ ವಾರ್ಡಿನ ಕೌನ್ಸಿಲರ್ ಅವರಿಗೆ,

ನಮಸ್ಕಾರ.

ಕನ್ನಡದಲ್ಲಿ ಯಾಕೆ ಬರೆದೆ ಅಂತ ನೀವು ಕೇಳಬಹುದು. ಇಂಗ್ಲಿಷಿನಲ್ಲಿ ಏಳು ಸಲ ಬರೆದಾಯಿತು. ಏಳು ಸಲವೂ ದೂರಿನ ನಂಬರ್ ಬಂತು, ಉತ್ತರ ಬರಲಿಲ್ಲ. 2024ರ ಅಕ್ಟೋಬರಿನಲ್ಲಿ ನೀವು ಚುನಾವಣೆಗೆ ನಿಂತಾಗ ನಿಮ್ಮ ಕರಪತ್ರ ನಮ್ಮ ಮನೆಗೆ ಕನ್ನಡದಲ್ಲೇ ಬಂದಿತ್ತು. ಅಂದರೆ ಕನ್ನಡ ಓದಿ ಹೇಳುವವರು ನಿಮ್ಮ ಹತ್ತಿರ ಇದ್ದಾರೆ ಅಂತಾಯ್ತು. ಮೆಲ್ಬರ್ನಿನ ಪಶ್ಚಿಮದಲ್ಲಿರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರೂ ಓದಲಿ ಅಂತ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ನನ್ನ ಮಗಳು ಫುಟಿ ಪ್ರಾಕ್ಟೀಸ್ ಮಾಡುವ ಮೈದಾನಕ್ಕೆ ನಾಲ್ಕು ದೀಪದ ಕಂಬ. ಅದರಲ್ಲಿ ಎರಡು ಕಳೆದ ವರ್ಷದ ಏಪ್ರಿಲ್‌ನಿಂದ ಉರಿಯುತ್ತಿಲ್ಲ. ಇದು ಎರಡನೇ ಚಳಿಗಾಲ. ದೀಪ ಹಾಕಿಸಿ.

ಈ ಆಟ ನಿಮಗೆ ಗೊತ್ತಿರೋದೇ. ಓದುವ ನಮ್ಮವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಫುಟಿ ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಚೆಂಡೂ ಮೊಟ್ಟೆ ಆಕಾರ, ಮೈದಾನವೂ ಮೊಟ್ಟೆ ಆಕಾರ. ದೊಡ್ಡವರ ಆಟದಲ್ಲಿ ಒಂದೊಂದು ಕಡೆಗೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ 6 ಪಾಯಿಂಟ್. ಗುರಿ ಸ್ವಲ್ಪ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ 1 ಪಾಯಿಂಟ್ ಕೊಡುತ್ತಾರೆ. ನಿಮ್ಮ ಆಫೀಸಿಗಿಂತ ಧಾರಾಳ ಅಲ್ವಾ?

ನಮ್ಮ ಮಕ್ಕಳು ಆಡುವುದು ವೆಸ್ಟರ್ನ್ ರೀಜನ್ ಫುಟ್‌ಬಾಲ್ ಲೀಗ್‌ನಲ್ಲಿ. 1931ರಲ್ಲಿ ಇಲ್ಲಿನ ಫುಟ್‌ಸ್ಕ್ರೇ ಬಡಾವಣೆಯ ಹೆಸರಿನಲ್ಲಿ ಶುರುವಾದ ಲೀಗು ಅದು. ಆಗ ಈ ಕಡೆಯೆಲ್ಲಾ ಕಾರ್ಖಾನೆ ಕೆಲಸದವರ ಊರು. ಈಗ ನಮ್ಮ ಅಂಡರ್ 14 ಹುಡುಗಿಯರ ಟೀಮ್ ನೋಡಿ. ವಿಯೆಟ್ನಾಮಿನ ಮನೆಯವಳು ಒಬ್ಬಳು, ಸೂಡಾನಿನ ಮನೆಯ ಅಕ್ಕ ತಂಗಿ, ಪಂಜಾಬಿಗಳು ಇಬ್ಬರು, ತಿಪಟೂರಿನ ಈ ಅಪ್ಪನ ಮಗಳು. ಇಲ್ಲಿ ಯಾರಿಗೂ ಸಂಬಳವಿಲ್ಲ. ಕೋಚ್ ಹಗಲು ಪ್ಲಂಬಿಂಗ್ ಮಾಡುತ್ತಾರೆ. ಟೀಮ್ ಮ್ಯಾನೇಜರ್ ನರ್ಸ್, ನೈಟ್ ಶಿಫ್ಟ್ ಮುಗಿಸಿ ಬರುತ್ತಾರೆ. ಭಾನುವಾರದ ಮ್ಯಾಚಿನಲ್ಲಿ ಬಿಳಿ ಕೋಟು ಹಾಕಿಕೊಂಡು ಗೋಲ್ ಕಂಬದ ಹಿಂದೆ ಬಾವುಟ ಬೀಸುವವನು ನಾನು. ಮಧ್ಯೆ ಬಿಡುವಿನಲ್ಲಿ ಕಿತ್ತಳೆ ಹಣ್ಣು ಹೆಚ್ಚುವವನೂ ನಾನೇ.

ನಾನು ಕ್ರಿಕೆಟ್ಟಿನವನು. ಮಗಳು ನನ್ನ ಮಾತು ಕೇಳಲಿಲ್ಲ. 2018ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಹೆಂಗಸರು ಎಎಫ್ಎಲ್‌ಡಬ್ಲ್ಯೂ, ಅಂದರೆ ಹೆಂಗಸರ ರಾಷ್ಟ್ರಮಟ್ಟದ ಫುಟಿ ಲೀಗಿನ, ಕಪ್ ಗೆದ್ದಾಗ ಅವಳಿಗೆ ಆರು ವರ್ಷ. ಟಿವಿ ಮುಂದೆ ಕೂತು ನೋಡಿದಳು, ಅಷ್ಟೇ, ನನ್ನ ಬ್ಯಾಟು ಗ್ಯಾರೇಜು ಸೇರಿತು. ಅದರ ಹಿಂದಿನ ವರ್ಷ ಆ ಲೀಗಿನ ಮೊದಲ ಮ್ಯಾಚಿಗೆ 24 ಸಾವಿರಕ್ಕೂ ಜಾಸ್ತಿ ಜನ ಬಂದು ಗೇಟು ಮುಚ್ಚಬೇಕಾಗಿತ್ತು. ಹುಡುಗಿಯರ ಆಟ ನೋಡೋರು ಯಾರು ಅಂತ ದಯವಿಟ್ಟು ಹೇಳಬೇಡಿ.

ಈಗ ಬುಧವಾರದ ಕಥೆ. ಪ್ರಾಕ್ಟೀಸ್ ಸಂಜೆ ಐದೂವರೆಗೆ. ಜೂನಿನಲ್ಲಿ ಇಲ್ಲಿ ಐದು ಗಂಟೆ ಎಂಟು ನಿಮಿಷಕ್ಕೆಲ್ಲಾ ಸೂರ್ಯ ಮುಳುಗಿರುತ್ತಾನೆ. ದೀಪ ಉರಿಯುವ ಅರ್ಧ ಮೈದಾನ ದೊಡ್ಡ ಗಂಡಸರ ಟೀಮಿಗೆ. ಕತ್ತಲೆಯ ಅರ್ಧ ನಮ್ಮ ಹುಡುಗಿಯರಿಗೆ. ಯಾರು ಹೀಗೆ ಹಂಚಿದರೋ, ಕೇಳಿದರೆ ಕ್ಲಬ್ಬು ಕೌನ್ಸಿಲ್ ಕಡೆ ಕೈ ತೋರಿಸುತ್ತದೆ, ಕೌನ್ಸಿಲ್ ಕ್ಲಬ್ಬಿನ ಕಡೆ. ಕೆಂಪು ಚೆಂಡು ಕತ್ತಲಲ್ಲಿ ಕಾಣುವುದಿಲ್ಲ ಅಂತ ನಾವೇ ದುಡ್ಡು ಹಾಕಿ ಹಳದಿ ಚೆಂಡು ತಂದೆವು. ಆದರೂ ಮೇ ತಿಂಗಳಲ್ಲಿ ಒಬ್ಬಳು ಮಾರ್ಕ್ ಹಿಡಿಯೋಕೆ, ಅಂದರೆ ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿಯೋಕೆ ಹೋಗಿ ಚೆಂಡು ಮೂಗಿಗೆ ಬಿತ್ತು. ರಕ್ತ ಎಷ್ಟು ಬರುತ್ತಿದೆ ಅಂತ ನೋಡೋಕೆ ಫೋನಿನ ಟಾರ್ಚ್ ಹಾಕಬೇಕಾಯಿತು.

ಅದಾದ ಮೇಲೆ, ಜೂನಿನ ಒಂದು ಬುಧವಾರ, ಸಣ್ಣಗೆ ಮಳೆ ಬೇರೆ. ನಾವು ಮೂರು ಜನ ಅಪ್ಪಂದಿರು ಕಾರುಗಳನ್ನು ಗೇಟಿನ ಒಳಗೆ ತಂದು ಹುಲ್ಲಿನ ಅಂಚಿನಲ್ಲಿ ನಿಲ್ಲಿಸಿ ಹೆಡ್‌ಲೈಟ್ ಹಾಕಿದೆವು. ಕೋಚ್ ಹುಡುಗಿಯರನ್ನು ಆ ಬೆಳಕಿನೊಳಗೆ ಕರೆದು ಹ್ಯಾಂಡ್‌ಬಾಲ್, ಅಂದರೆ ಚೆಂಡನ್ನು ಮುಷ್ಟಿಯಿಂದ ಗುದ್ದಿ ಪಾಸ್ ಕೊಡೋದು, ಮಾಡಿಸಿದರು. ಹದಿನೈದು ನಿಮಿಷ. ಎಲ್ಲರೂ ನಗುತ್ತಾ ಮನೆಗೆ ಹೋದೆವು.

ಮುಂದಿನ ವಾರ ಅಂಚೆಯಲ್ಲಿ ಕೌನ್ಸಿಲಿನ ಕಾಗದ ಬಂತು. ಪಾರ್ಕಿನೊಳಗೆ ವಾಹನ ನಿಲ್ಲಿಸಿದ್ದಕ್ಕೆ ದಂಡ. ಮೂರು ಮನೆಗೂ.

ಹದಿನಾಲ್ಕು ತಿಂಗಳಿನಿಂದ ಬರದ ಎಲೆಕ್ಟ್ರಿಷಿಯನ್ ಎಲ್ಲಿ, ಹದಿನೈದು ನಿಮಿಷದಲ್ಲಿ ಬಂದ ದಂಡದವರು ಎಲ್ಲಿ! ಜೊತೆಗೆ ಒಂದು ಫೋಟೋ ಇತ್ತು. ನೀವು ತರಿಸಿಕೊಂಡು ನೋಡಲೇಬೇಕು. ನನ್ನ ಕಾರಿನ ನಂಬರ್ ಪ್ಲೇಟ್ ಚೆನ್ನಾಗಿ ಕಾಣುತ್ತದೆ. ಮಿಕ್ಕಿದ್ದೆಲ್ಲಾ ಕಪ್ಪು. ಹೆಡ್‌ಲೈಟ್ ಬಿದ್ದಷ್ಟು ಜಾಗದಲ್ಲಿ ಮಾತ್ರ ಆರು ಕಾಲು, ಕೆಸರು ಮೆತ್ತಿದ ಬೂಟು, ಒಂದು ಹಳದಿ ಚೆಂಡು. ಮೈದಾನದಲ್ಲಿ ಕತ್ತಲಿದೆ ಅಂತ ಏಳು ಸಲ ಬರೆದೆ, ಸಾಕ್ಷಿ ನಿಮ್ಮವರೇ ಕಳಿಸಿಕೊಟ್ಟರು.

ದಂಡ ಕಟ್ಟಿದ್ದೇನೆ. ಮೇ 31ರ ರೇಟ್ಸ್ (ಮನೆ ಕಂದಾಯ) ಕಂತೂ ಕಟ್ಟಿದ್ದೇನೆ. ದೀಪ ಹಾಕಿಸಿ.

ಬಟ್ಟೆ ಬದಲಿಸುವ ಕೋಣೆಯ ವಿಷಯ ಬರೆಯೋಕೆ ನಾಚಿಕೆ ಆಗುತ್ತದೆ. ಬರೀ ಗಂಡಸರಿಗೆ ಅಂತ ಕಟ್ಟಿದ ಕೋಣೆ. ಬಾಗಿಲಿಲ್ಲದ ಶವರ್, ಗೋಡೆಯುದ್ದಕ್ಕೂ ಮೂತ್ರದ ತೊಟ್ಟಿ. ಹುಡುಗಿಯರು ಅಲ್ಲಿ ಕಾಲಿಡುವುದಿಲ್ಲ. ಹದಿಮೂರು ವರ್ಷದ ನನ್ನ ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಒದ್ದೆ ಜೆರ್ಸಿ ಬಿಚ್ಚುತ್ತಾಳೆ. ನನ್ನ ಹೆಂಡತಿ ಊರಿಂದ ತಂದ ಜಮಖಾನವನ್ನು ಕಿಟಕಿಗೆ ಅಡ್ಡ ಹಿಡಿದು ಮಳೆಯಲ್ಲಿ ನಿಂತಿರುತ್ತಾಳೆ. ಮದುವೆಗೆ ಅಮ್ಮ ಕೊಟ್ಟ ಜಮಖಾನ ಅದು. ಈಗ ಅದು ಎಲ್ಲ ಹುಡುಗಿಯರಿಗೂ ಆಗಿ, ಕಾರಿಂದ ಕಾರಿಗೆ ಓಡಾಡುತ್ತದೆ.

ನಿಯಮ ನಾನು ಹೇಳಬೇಕಾ? 2024ರ ಜುಲೈ 1ರಿಂದ, ಮೈದಾನಗಳಲ್ಲಿ ಹೆಣ್ಣುಮಕ್ಕಳಿಗೂ ಸಮನಾದ ಪಾಲು ಕೊಡುವ ಪಾಲಿಸಿ ಇಲ್ಲದ ವಿಕ್ಟೋರಿಯಾದ ಕೌನ್ಸಿಲಿಗೆ ರಾಜ್ಯ ಸರ್ಕಾರದ ಕ್ರೀಡಾ ಕಟ್ಟಡಗಳ ಅನುದಾನ ಸಿಗುವುದಿಲ್ಲ. ನಿಮ್ಮ ಪಾಲಿಸಿ ವೆಬ್‌ಸೈಟಿನಲ್ಲಿದೆ, ಪೂರ್ತಿ ಓದಿದೆ. ಮುಖಪುಟದಲ್ಲಿ ಹುಡುಗಿಯೊಬ್ಬಳು ಹಾರಿ ಮಾರ್ಕ್ ಹಿಡಿಯುವ ಫೋಟೋ ಇದೆ. ಹಗಲಲ್ಲಿ ತೆಗೆದದ್ದು. ಬೆಳಕಿನ ಲೆಕ್ಕವೂ ನಿಮ್ಮ ಇಂಜಿನಿಯರುಗಳಿಗೆ ಗೊತ್ತು: ಕ್ಲಬ್ ಮಟ್ಟದ ಪ್ರಾಕ್ಟೀಸಿಗೆ 50 ಲಕ್ಸ್, ಮ್ಯಾಚಿಗೆ 100. ನಮ್ಮ ಅರ್ಧದಲ್ಲಿ ನಿಂತು ಫೋನಿನಲ್ಲಿ ಅಳೆದರೆ 4 ಬಂತು. ಫೋನು ಸ್ವಲ್ಪ ಆಚೀಚೆ ತೋರಿಸಬಹುದು. ನಾಲ್ಕು ಐವತ್ತಾಗುವಷ್ಟು ಆಚೀಚೆ ಆಗಲ್ಲ.

ಇನ್ನೊಂದು ನೆನಪಿಸಲೇಬೇಕು. ಚುನಾವಣೆ ಹೊತ್ತಿಗೆ ಸರಿಯಾಗಿ ದಸರಾ ಬಂದಿತ್ತು. ನಮ್ಮ ಸ್ನೇಹಿತರ ಮನೆಗೆ ಗೊಂಬೆ ನೋಡೋಕೆ ಬಂದಿರಿ. ಪಟ್ಟದ ಗೊಂಬೆ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿರಿ, ಕೋಸಂಬರಿ ಎರಡು ಸಲ ಹಾಕಿಸಿಕೊಂಡಿರಿ. ಸಂತೋಷ. ಆಗ ದೀಪದ ವಿಷಯ ಎತ್ತಿದವನು ನಾನೇ. 'ಅದನ್ನು ನನಗೆ ಬಿಡಿ' ಅಂದಿರಿ. ಬಿಟ್ಟೆ. ತಪ್ಪು ನನ್ನದೇ ಇರಬಹುದು. ಊರಲ್ಲಿ ನನ್ನ ಅಪ್ಪ ಯಾವ ಕೆಲಸವನ್ನೂ ಹಾಗೆ ಬಿಟ್ಟವರಲ್ಲ. ಕರೆಂಟ್ ಹೋದರೆ ಲೈನ್‌ಮನ್ ಮನೆಗೇ ಹೋಗಿ, ಅವನು ಊಟ ಮುಗಿಸುವ ತನಕ ಜಗಲಿ ಮೇಲೆ ಕೂತು, ಜೊತೆಗೇ ಕರೆದುಕೊಂಡು ಬರುತ್ತಿದ್ದರು. ನಾನು ಸುಮ್ನೆ ಇಮೇಲ್ ಕಳಿಸುತ್ತಾ ಕೂತೆ.

ಹೊಸ ಸ್ಟೇಡಿಯಂ ಕೇಳುತ್ತಿಲ್ಲ. ಎರಡು ಕಂಬ ಉರಿಯಲಿ. ಚಿಲಕ ಇರುವ ಒಂದು ಕೋಣೆ ಸಿಗಲಿ. ಅಲ್ಲಿಯವರೆಗೆ ವಾರ ಬಿಟ್ಟು ವಾರ ಬೆಳಕಿನ ಅರ್ಧವನ್ನು ಹುಡುಗಿಯರಿಗೆ ಬಿಟ್ಟುಕೊಡಲಿ. ಈ ಮೂರನೆಯದಕ್ಕಂತೂ ನಯಾಪೈಸೆ ಖರ್ಚಿಲ್ಲ.

ನಂಬಿಕೆ ಬರದಿದ್ದರೆ ಈ ಬುಧವಾರ ಐದೂವರೆಗೆ ನೀವೇ ಬನ್ನಿ. ಟಾರ್ಚ್ ತನ್ನಿ. ಕಾರು ಮಾತ್ರ ಗೇಟಿನ ಹೊರಗೆ ನಿಲ್ಲಿಸಿ.

ಇಂತಿ,
ನಿಮ್ಮ ವಾರ್ಡಿನ ಮತದಾರ,
ಅಂಡರ್ 14 ಹುಡುಗಿಯರ ಟೀಮಿನ ಗೋಲ್ ಅಂಪೈರ್
ಜುಲೈ 2025