ಉಬುಂಟು ಹಾಕುವ ಮುನ್ನ: ರೇಡ್‌ನಿಂದ ಎಎಚ್‌ಸಿಐಗೆ

ಗೆಳೆಯರೇ, ವಿಂಡೋಸ್ ಜೊತೆ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕಲು ಹೋದಾಗ ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣದಿದ್ದರೆ ಡಿಸ್ಕ್ ಕೆಟ್ಟಿದೆ ಅಂದುಕೊಳ್ಳಬೇಡಿ. ಇಂಟೆಲ್ ಪ್ರೊಸೆಸರ್ ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ನಡೆಸುವ ಸ್ಟೋರೇಜ್ ಕಂಟ್ರೋಲರ್ 'ರೇಡ್' (ಹಲವು ಡಿಸ್ಕ್ ಸೇರಿಸಿ ಬಳಸುವ ವಿಧಾನ) ಅಥವಾ 'ಆರ್‌ಎಸ್‌ಟಿ' (ಇಂಟೆಲ್‌ನ ಸ್ಟೋರೇಜ್ ತಂತ್ರಜ್ಞಾನ) ಮೋಡ್‌ನಲ್ಲಿ ಬಂದಿರುತ್ತದೆ. ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ಬದಲಿಸಬೇಕು.

ಆದರೆ ಸುಮ್ನೆ ಬಯಾಸ್‌ಗೆ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್ ಪರದೆ) ಹೋಗಿ ಬದಲಿಸಿಬಿಟ್ಟರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಬೂಟ್ ಆಗುವಾಗ ಅದು ಹಳೆಯ ಡ್ರೈವರನ್ನೇ (ಡಿಸ್ಕ್ ಜೊತೆ ಮಾತಾಡುವ ತಂತ್ರಾಂಶ) ಹುಡುಕುತ್ತದೆ, ಎಎಚ್‌ಸಿಐ ಡ್ರೈವರ್ ಲೋಡ್ ಆಗಿರುವುದಿಲ್ಲ. ಸೇಫ್ ಮೋಡ್‌ನಲ್ಲಿ (ಅತಿ ಅಗತ್ಯದ್ದಷ್ಟೇ ಲೋಡ್ ಆಗುವ ಕ್ರಮ) ಒಮ್ಮೆ ಬೂಟ್ ಮಾಡಿಸಿದರೆ ಆ ಡ್ರೈವರ್ ತಾನಾಗಿಯೇ ಸೇರಿಕೊಳ್ಳುತ್ತದೆ. ವಿಂಡೋಸನ್ನು ಹೊಸದಾಗಿ ಹಾಕುವ ಕೆಲಸವೇ ಇಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡೋಣ ಅಂದರೆ ತಲೆಯಾಡಿಸಬೇಡಿ!

ಮೊದಲು ಬ್ಯಾಕಪ್. ಆಮೇಲೆ ಬಿಟ್‌ಲಾಕರ್ (ಡಿಸ್ಕನ್ನು ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ) ರಿಕವರಿ ಕೀಯನ್ನು ಬರೆದಿಟ್ಟುಕೊಂಡು, ಬಿಟ್‌ಲಾಕರ್ ಆಫ್ ಮಾಡಿ. ನಾವು ಆನ್ ಮಾಡದಿದ್ದರೂ ಅದು ಎಷ್ಟೋ ಸಲ ಆನ್ ಆಗಿರುತ್ತದೆ. ನಂತರ ವಿಂಡೋಸ್‌ನಲ್ಲೇ ಇರುವ ಎಂಎಸ್‌ಕಾನ್ಫಿಗ್ (msconfig) ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್, ಮಿನಿಮಲ್ ಆರಿಸಿ. ರೀಸ್ಟಾರ್ಟ್ ಮಾಡಿ, ನೇರವಾಗಿ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ ಸೇವ್ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಪಿನ್ ಕೆಲವೊಮ್ಮೆ ನಡೆಯುವುದಿಲ್ಲ, ಖಾತೆಯ ಪಾಸ್‌ವರ್ಡ್ ನೆನಪಿರಲಿ. ಎಂಎಸ್‌ಕಾನ್ಫಿಗ್‌ನಲ್ಲಿ ಆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ವಿಂಡೋಸ್ ಬೇಗ ತೆರೆಯಲು ಇರುವ ಫಾಸ್ಟ್ ಸ್ಟಾರ್ಟಪ್ ಕೂಡ ಆಗಲೇ ಆಫ್ ಮಾಡಿಬಿಡಿ, ಇಲ್ಲದಿದ್ದರೆ ಉಬುಂಟುವಿನಿಂದ ವಿಂಡೋಸ್ ಪಾರ್ಟಿಷನ್‌ಗೆ ಬರೆಯಲು ಆಗುವುದಿಲ್ಲ.

ಎರಡು ಡಿಸ್ಕ್ ಸೇರಿಸಿ ನಿಜವಾಗಿಯೂ ರೇಡ್ ಮಾಡಿಕೊಂಡಿದ್ದರೆ ಇದನ್ನು ಮುಟ್ಟಲೇಬೇಡಿ. ಎಎಚ್‌ಸಿಐ ಆಯ್ಕೆಯೇ ಕಾಣದಿದ್ದರೆ ಬಯಾಸ್‌ನಲ್ಲಿ 'ವಿಎಂಡಿ' (ಇಂಟೆಲ್‌ನ ಡಿಸ್ಕ್ ನಿರ್ವಹಣೆಯ ಸೌಲಭ್ಯ) ಹುಡುಕಿ. ಅದನ್ನು ಆಫ್ ಮಾಡಿದರೂ ಇದೇ ಕೆಲಸ ಆಗುತ್ತದೆ, ಸೇಫ್ ಬೂಟ್ ಕ್ರಮವೂ ಇದೇ.